ಭೂತಗನ್ನಡಿಯವರಿಗೆ ಕಬ್ಬಿಣ ಏರಿಸಿದ ದಿನ

ಔಷಧದ ಡಬ್ಬಿಯೊಳಗೆ ಹೆಬ್ಬೆರಳಿನಷ್ಟಕ್ಕೆ ಮಡಚಿ ತುರುಕಿದ ಒಂದು ತೆಳುಕಾಗದ ಇರುತ್ತದಲ್ಲ, ಡಬ್ಬಿ ತೆರೆದ ಕೂಡಲೆ ನಾವೆಲ್ಲ ತೆಗೆದು ಬಿಸಾಡುತ್ತೇವಲ್ಲ, ಆ ಕಾಗದವನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದುವ ಮನುಷ್ಯರೊಬ್ಬರಿದ್ದರು. ಓದುವುದೇ ಅವರ ಹೊಟ್ಟೆಪಾಡು. ಔಷಧ ಕಂಪನಿಗಳ ಮಾಹಿತಿ ಚೀಟಿಗಳನ್ನಷ್ಟೇ ಅಚ್ಚುಹಾಕುವ ಪ್ರೆಸ್ಸೊಂದರಲ್ಲಿ ಮೂವತ್ತೊಂದು ವರ್ಷದಿಂದ ಅವರು ಪ್ರೂಫ್ ತಿದ್ದುತ್ತಿದ್ದರು. ಪ್ರೆಸ್ಸಿನವರು ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಬೆನ್ನ ಹಿಂದೆ ಆಡಿಕೊಳ್ಳಲೆಂದು ಇಟ್ಟ ಹೆಸರದು. ಅವರು ಅದನ್ನು ಬಿರುದೆಂದು ಭಾವಿಸಿ ಎದುರಿಗೇ ಕರೆಸಿಕೊಳ್ಳತೊಡಗಿದ ಮೇಲೆ ಇಟ್ಟವರಿಗೇ ಅದರ ರುಚಿ ಹೋಯಿತು.

ಪ್ರೂಫ್ ಕೋಣೆ ಮೆಷಿನ್ನುಗಳ ಮೇಲಿನ ಮಹಡಿಯಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಒಂದು ಟ್ಯೂಬ್‌ಲೈಟು. ಕೆಳಗೆ ಮೆಷಿನ್ ಓಡುವಾಗ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿ ಅಂಚಿಗೆ ಬರುತ್ತಿತ್ತು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕಂಪನಿ ಕಳಿಸಿದ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಗಟ್ಟಿಯಾಗಿ ಓದುವ ಹೆಂಗಸಿಗೆ ರೇಡಿಯೊ ಎಂದು ಹೆಸರು. ಅವಳು ಒಂದೇ ಧಾಟಿಯಲ್ಲಿ ಓದುತ್ತಿದ್ದಳು. ‘ಅಪರೂಪಕ್ಕೆ ಸಾವು ಸಂಭವಿಸಬಹುದು’ ಎಂಬುದಕ್ಕೂ ‘ತಂಪಾದ ಜಾಗದಲ್ಲಿಡಿ’ ಎಂಬುದಕ್ಕೂ ಅವಳ ದನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ.

“ಮೂವತ್ತೊಂದು ವರ್ಷ. ನನ್ನ ಕೈ ದಾಟಿ ಒಂದೇ ಒಂದು ತಪ್ಪು ಆಚೆ ಹೋಗಿಲ್ಲ,” ಎನ್ನುವುದು ಭೂತಗನ್ನಡಿಯವರ ನಿತ್ಯದ ಮಾತು. ಮಾಲೀಕರಿಗೆ ಹೇಳುತ್ತಿದ್ದರು, ಕಟಿಂಗ್ ಮೆಷಿನ್ನಿನವನಿಗೆ ಹೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕ ಕೂತವರು ಟೈಮ್ ಕೇಳಿದರೆ ಅವರಿಗೂ ಹೇಳುತ್ತಿದ್ದರು. ಮನೆಯಲ್ಲಿ ಹೆಂಡತಿ ಬರೆದಿಟ್ಟ ಸಾಮಾನಿನ ಪಟ್ಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಸಾಮಾನು ತರುವುದನ್ನು ಮರೆತು ಬಂದ ದಿನಗಳು ಬೇಕಾದಷ್ಟಿವೆ.

ಎರಡು ವರ್ಷದಿಂದ ಅವರ ಮೈ ಕೆಟ್ಟಿತ್ತು. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದರಲ್ಲಿ ನಿಂತು ಗೋಡೆಯ ಮೇಲಿನ ನೋಟಿಸನ್ನು ಓದುವವರಂತೆ ಏದುಸಿರು ಬಿಡುತ್ತಿದ್ದರು. ಆ ನೋಟಿಸಿನಲ್ಲಿದ್ದುದು ‘ಉಗುಳಬಾರದು’ ಎಂಬ ಒಂದೇ ಪದ. ಮುಖ ಪ್ರೂಫಿನ ಕಾಗದದ ಬಣ್ಣಕ್ಕೆ ತಿರುಗಿತ್ತು. ಜೊತೆಗೊಂದು ವಿಚಿತ್ರ ಚಟ ಹತ್ತಿತು: ಓದುತ್ತ ಓದುತ್ತ ಪ್ರೂಫಿನ ಅಂಚನ್ನು ಹರಿದು ಬಾಯಿಗೆ ಹಾಕಿಕೊಂಡು ಅಗಿಯುವುದು.

“ಸಾರ್, ಮಾರ್ಜಿನ್ ಪೂರ್ತಿ ಮುಗೀತು. ಇನ್ನು ಮ್ಯಾಟರಿಗೆ ಕೈ ಹಾಕ್ತೀರೇನೋ ಅಂತ ಭಯ ಆಗ್ತಿದೆ,” ಎಂದಿದ್ದಳು ರೇಡಿಯೊ.

“ಕಾಗದದ ಗುಣಮಟ್ಟ ನೋಡ್ತಿದ್ದೀನಮ್ಮ. ನಿನಗೆ ಅದೆಲ್ಲ ಗೊತ್ತಾಗಲ್ಲ,” ಎಂದಿದ್ದರು ಅವರು.

ಮೂಲ ಕಾರಣ ಮೂಲವ್ಯಾಧಿ. ಎರಡು ವರ್ಷದಿಂದ ರಕ್ತ ಹೋಗುತ್ತಿತ್ತು. ತಮ್ಮಂಥ ತೂಕದ ಮನುಷ್ಯರಿಗೆ ಅಂಥ ಜಾಗದಲ್ಲಿ ಕಾಯಿಲೆ ಬರುವುದು ಶೋಭೆಯಲ್ಲವೆಂದು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಕೊನೆಗೆ ಬಟ್ಟೆ ಒಗೆಯುವಾಗ ಹೆಂಡತಿಗೆ ತಿಳಿಯಿತು. ಆಕೆ ಅಂದೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ಹೆಮೋಗ್ಲೋಬಿನ್ ಇರಬೇಕಾದದ್ದರ ಅರ್ಧ, ಆರೂವರೆ ಇತ್ತು. ಕಾಗದ ತಿನ್ನುವ ವಿಷಯ ಹೆಂಡತಿಯ ಬಾಯಿಂದ ಹೊರಬಿತ್ತು. ಡಾಕ್ಟರು ನಗಲಿಲ್ಲ. “ಕಬ್ಬಿಣದ ಅಂಶ ಇಳಿದುಹೋದ್ರೆ ಹೀಗೂ ಆಗುತ್ತೆ. ಕೆಲವರು ಮಣ್ಣು ತಿಂತಾರೆ, ಕೆಲವರು ಐಸ್ ಕಡೀತಾರೆ,” ಎಂದರು. ಮಾತ್ರೆ ಕೊಟ್ಟು ನೋಡಿದರು. ಮಾತ್ರೆ ಹೊಟ್ಟೆಗೆ ಆಗಿಬರದೆ ಮಲಬದ್ಧತೆಯಾಗಿ, ಇದ್ದ ಕಾಯಿಲೆ ಇಮ್ಮಡಿಯಾಯಿತು. ಆಪರೇಷನ್ ಮಾಡಬೇಕು, ಅದಕ್ಕೆ ಮೊದಲು ರಕ್ತ ಏರಬೇಕು, ಆದ್ದರಿಂದ ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ ಕೊಡುವುದೆಂದಾಯಿತು.

ಅಲ್ಲಿಂದ ಶುರುವಾಯಿತು ಹೆದರಿಕೆ. ಬೇರೆಯವರು ಆಸ್ಪತ್ರೆಗೆ ಹೋಗುವಾಗ ಏನಾಗುತ್ತದೋ ಗೊತ್ತಿಲ್ಲವೆಂದು ಹೆದರುತ್ತಾರೆ. ಭೂತಗನ್ನಡಿಯವರಿಗೆ ಏನೇನಾಗಬಹುದೆಂದು ಸಾಲು ಸಾಲಾಗಿ ಬಾಯಿಪಾಠವಿತ್ತು. ತುರಿಕೆ, ದದ್ದು, ಎದೆ ಬಿಗಿತ, ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತ, ಪ್ರಜ್ಞೆ ತಪ್ಪುವುದು. ಇಂಥ ಚೀಟಿಗಳನ್ನು ಅವರು ಹತ್ತಾರು ತಿದ್ದಿದ್ದರು. ತಿದ್ದುವಾಗ ಅವು ಬರೀ ಅಕ್ಷರಗಳಾಗಿದ್ದವು. ಈಗ ಒಂದೊಂದು ಅಕ್ಷರವೂ ಅವರ ಮೈಮೇಲೆ ಜಾಗ ಹುಡುಕುತ್ತಿತ್ತು.

“ರೀ, ಅಪರೂಪಕ್ಕೆ ಅಂತ ಬರೆದಿದ್ದಾರಲ್ಲ?” ಎಂದರು ಹೆಂಡತಿ.

“ಅಪರೂಪ ಅಂದ್ರೆ ಯಾರಿಗೋ ಒಬ್ಬರಿಗೆ ಆಗಲೇಬೇಕಲ್ಲ. ನಾನೇ ಆ ಒಬ್ಬ ಆಗಬಾರದು ಅಂತ ಎಲ್ಲಿ ಬರೆದಿದೆ?”

“ಅಲ್ಲೂ ನೀವೇ ಸ್ಪೆಷಲ್ ಆಗ್ಬೇಕಾ? ಏಳಿ, ಬಸ್ಸು ಬರುತ್ತೆ.”

ಆಸ್ಪತ್ರೆಯಲ್ಲಿ ಬೆಳಗ್ಗೆ ಬಂದು ಮಧ್ಯಾಹ್ನ ಹೋಗುವವರ ವಾರ್ಡು ನೆಲಮಹಡಿಯಲ್ಲಿತ್ತು. ನಾಲ್ಕು ಮಂಚ, ನಾಲ್ಕು ಕಬ್ಬಿಣದ ಕಂಬ, ಒಂದು ದೊಡ್ಡ ಗಡಿಯಾರ. ಅವರಿಗೆ ಮೂರನೆಯ ಮಂಚ. ಎರಡನೆಯದರಲ್ಲಿ ಬಾಣಂತಿ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದರು. ಹುಡುಗಿಗೆ ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತಂತೆ. ಅವಳ ಮೊದಲ ಡೋಸು ಹಿಂದಿನ ವಾರವೇ ಆಗಿತ್ತು, ಇವತ್ತು ಬರೀ ಪರೀಕ್ಷೆಗೆ ಬಂದಿದ್ದರು. ಇಷ್ಟೆಲ್ಲ ವಿವರವನ್ನು ಭೂತಗನ್ನಡಿಯವರ ಹೆಂಡತಿ, ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಸಂಗ್ರಹಿಸಿದ್ದರು.

ನರ್ಸು ಬಂದು ಕೈಗೆ ಪಟ್ಟಿ ಬಿಗಿದಳು. “ಅಂಕಲ್, ಮುಷ್ಟಿ ಹಿಡೀರಿ.”

ಅಂಕಲ್ ಎನಿಸಿಕೊಂಡದ್ದು ಅವರಿಗೆ ಸೂಜಿಗಿಂತ ಮೊದಲೇ ಚುಚ್ಚಿತು. ಆದರೂ ಮುಷ್ಟಿ ಹಿಡಿದರು. ನರ ಸಿಗಲಿಲ್ಲ. ಎರಡನೆಯ ಸಲಕ್ಕೆ ಸಿಕ್ಕಿತು. “ಅಷ್ಟೇ, ಆಯ್ತು. ಕಣ್ಣು ತೆಗೀಬಹುದು,” ಎಂದಳು ನರ್ಸು. ಹೆಂಡತಿ ಬ್ಯಾಗಿನಿಂದ, ಆಸ್ಪತ್ರೆಯ ಔಷಧ ಅಂಗಡಿಯಲ್ಲಿ ಆಗತಾನೆ ಕೊಂಡಿದ್ದ ನೀಲಿ ಪಟ್ಟಿಯ ಡಬ್ಬಿಯನ್ನು ತೆಗೆದುಕೊಟ್ಟರು. ನರ್ಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದು ಬೇರೆ ಕಂಪನೀದು. ನಾವು ಹಾಕ್ತಿದ್ದದ್ದು ಸ್ಟಾಕ್ ಇಲ್ಲ ಅಂತೆ, ಹೋದ ವಾರದಿಂದ ಇದನ್ನ ಕೊಡ್ತಿದ್ದಾರೆ. ನಾನು ರಜದಲ್ಲಿದ್ದೆ. ಡಾಕ್ಟ್ರು ಒಳಗಿನ ಚೀಟಿ ನೋಡಿ ಅದರ ಪ್ರಕಾರ ಹಾಕಿ ಅಂದ್ರು.” ಡಬ್ಬಿ ಬಿಚ್ಚಿದಳು. ಗಾಢ ಕಂದು ಬಣ್ಣದ ದ್ರವ ತುಂಬಿದ ಪುಟ್ಟ ಬಾಟಲಿ ಹೊರಬಂತು. ಅದರ ಹಿಂದೆಯೇ ಎಂಟು ಮಡಿಕೆಯ ತೆಳುಕಾಗದ.

ಮಡಿಕೆ ಬಿಡಿಸುವುದಕ್ಕೆ ಮುಂಚೆಯೇ ಭೂತಗನ್ನಡಿಯವರಿಗೆ ಗೊತ್ತಾಯಿತು. ಆ ನೀಲಿ ಪಟ್ಟಿ, ಆ ಅಂಚು, ಮೂಲೆಯಲ್ಲಿ ಅಚ್ಚಾದ ಪ್ರೆಸ್ಸಿನ ಗುರುತಿನ ಅಂಕಿ. ಚೀಟಿ ಅವರ ಪ್ರೆಸ್ಸಿನದು. ಅವರ ಮೇಜಿನದು.

ನಾಲ್ಕು ತಿಂಗಳ ಹಿಂದಿನ ಮಾತು. ಈ ಚೀಟಿಯ ಮೊದಲ ಪ್ರೂಫಿನಲ್ಲಿ, ಔಷಧವನ್ನು ‘ಕನಿಷ್ಠ 15 ನಿಮಿಷಗಳ ಅವಧಿಯಲ್ಲಿ’ ಏರಿಸಬೇಕು ಎನ್ನುವ ಕಡೆ ‘5 ನಿಮಿಷ’ ಎಂದು ಬಿದ್ದಿತ್ತು. ಅವರು ಹಿಡಿದರು. ಹಿಡಿದು ಸುಮ್ಮನಿರುವ ಜೀವವೇ? ಕೆಂಪು ವೃತ್ತ ಹಾಕಿದ ಕಾಗದವನ್ನು ಪ್ರೆಸ್ಸಿನ ತುಂಬ ಮೆರವಣಿಗೆ ಮಾಡಿದರು. “ಇದು ಹೀಗೇ ಹೋಗಿದ್ರೆ? ಮೂರು ಪಟ್ಟು ವೇಗದಲ್ಲಿ ಕಬ್ಬಿಣ ಮೈಗೆ ನುಗ್ಗಿದ್ರೆ? ಬಿಪಿ ಬಿದ್ದು ಯಾರೋ ಪಾಪ ಹೋಗೇಬಿಡ್ತಿದ್ದರಲ್ಲ!” ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಮಾಲೀಕರು ಟೀ ಕುಡಿಸಿದರು. ತಿದ್ದಿದ್ದೇವೆಂದು ಎರಡನೆಯ ಪ್ರೂಫ್ ಬಂದದ್ದು ಮಧ್ಯಾಹ್ನ ಊಟವಾದ ಮೇಲೆ. ಆ ದಿನಗಳಲ್ಲಿ ಊಟವಾದ ಮೇಲೆ ಅವರ ಮೈ ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿತ್ತು. ರೇಡಿಯೊ ಓದುತ್ತಿದ್ದಳು, ಇವರ ಬೆರಳು ಸರಿಯುತ್ತಿತ್ತು. ಆಮೇಲೆ ಬೆರಳು ನಿಂತಿತು. ಕಣ್ಣು ಬಿಟ್ಟಾಗ ಅವಳು ‘ಮಕ್ಕಳ ಕೈಗೆ ಸಿಗದಂತೆ ಇಡಿ’ ತಲುಪಿದ್ದಳು. ಅವಳು ತಲೆ ಎತ್ತಿರಲಿಲ್ಲ, ಇವರು ತೂಕಡಿಸಿದ್ದನ್ನು ನೋಡಿರಲಿಲ್ಲ. ಹಿಂದಿನಿಂದ ಇನ್ನೊಮ್ಮೆ ಓದಮ್ಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆನ್ನಲು ನಿದ್ದೆ ಹೋದದ್ದನ್ನು ಒಪ್ಪಬೇಕಿತ್ತು. ಬೆಳಗ್ಗೆ ತಾನೆ ಮೆರವಣಿಗೆ ಹೋದ ಮನುಷ್ಯ ಮಧ್ಯಾಹ್ನ ಅದನ್ನು ಹೇಗೆ ಒಪ್ಪುವುದು? ಸಹಿ ಹಾಕಿದರು. ಹಾಕಿದವರು ಮರೆತೂ ಬಿಟ್ಟರು. ದೊಡ್ಡಸ್ತಿಕೆಯಿರುವವರಿಗೆ ಮರೆವೂ ಆಳಿನ ಹಾಗೆ ಹೇಳಿದ ಮಾತು ಕೇಳುತ್ತದೆ.

“ಅಯ್ಯಯ್ಯೋ, ಇದೇನು ಅಕ್ಷರಾನಾ ಇರುವೆ ಸಾಲಾ?” ನರ್ಸು ಚೀಟಿಯನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು. “ಯಾರು ಓದ್ತಾರೆ ಇದನ್ನೆಲ್ಲ?”

“ನಮ್ಮನೆಯವರು ಓದ್ತಾರೆ,” ಹೆಂಡತಿ ಬೀಗಿದರು. “ಅವ್ರ ಕೆಲಸವೇ ಅದು ಸಿಸ್ಟರ್. ಕೊಡಿ ಅವ್ರ ಕೈಗೆ.”

ಚೀಟಿ ಭೂತಗನ್ನಡಿಯವರ ಎಡಗೈಗೆ ಬಂತು. ಅಕ್ಷರಗಳು ಒಂದರ ಮೇಲೊಂದು ಹತ್ತಿ ಇಳಿದವು. ಎಲ್ಲಿ ಹುಡುಕಬೇಕೆಂದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಕಾಲಮ್ಮು, ಮೇಲಿನಿಂದ ಆರನೆಯ ಸಾಲು.

ಕನಿಷ್ಠ 5 ನಿಮಿಷಗಳ ಅವಧಿಯಲ್ಲಿ.

ಇನ್ನೊಮ್ಮೆ ನೋಡಿದರು. ಐದು ಐದಾಗಿಯೇ ಇತ್ತು. ಅದರ ಎಡಕ್ಕೆ ಒಂದರ ಗುರುತೂ ಇರಲಿಲ್ಲ.

“ಎಷ್ಟು ನಿಮಿಷ ಅಂಕಲ್?”

“ಹದಿನೈದು,” ಎಂದರು.

“ಸರಿ, ಹಳೇದೂ ಅಷ್ಟೇ. ನಿಮ್ಮ ಮುಖ ನೋಡಿದ್ರೆ ಇಪ್ಪತ್ತಕ್ಕೆ ಇಡೋದೇ ವಾಸಿ ಅನ್ಸುತ್ತೆ.” ನರ್ಸು ಔಷಧವನ್ನು ಸಲೈನ್ ಚೀಲಕ್ಕೆ ಬೆರೆಸಿದಳು. ಚೀಲದ ನೀರು ತುಕ್ಕು ಹಿಡಿದ ಕೊಳಾಯಿಯ ನೀರಿನ ಬಣ್ಣಕ್ಕೆ ತಿರುಗಿತು. ಕೊಳವೆಯೊಳಗೆ ಆ ಬಣ್ಣ ಇಳಿಯುತ್ತ ಇಳಿಯುತ್ತ ಅವರ ಮುಂಗೈಯವರೆಗೆ ಬಂದು ಒಳಗೆ ಮಾಯವಾಯಿತು. ಅವರು ಚೀಟಿಯನ್ನು ಅದರದೇ ಮಡಿಕೆಯಲ್ಲಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಮೊದಲ ಐದು ನಿಮಿಷ ತಮ್ಮ ಮೈಯನ್ನೇ ಪ್ರೂಫ್ ನೋಡಿದರು. ಕತ್ತಿನ ಬಳಿ ಒಂದು ತುರಿಕೆ ಬಂತು. ಅದು ಅಂಗಿಯ ಕಾಲರ್ ಎಂದು ಗೊತ್ತಾಯಿತು. ಗಂಟಲು ಕಟ್ಟಿದಂತಾಯಿತು, ಉಗುಳು ನುಂಗಿದರೆ ಸರಿಹೋಯಿತು. ನರ್ಸು ಬಿಪಿ ನೋಡಿ “ಚೆನ್ನಾಗಿದೆ” ಎಂದಳು. ಅಷ್ಟಕ್ಕೆ ಜೀವ ಹಗುರಾಗಬೇಕಿತ್ತು. ಆದರೆ ತಮಗೇನೂ ಆಗುವುದಿಲ್ಲವೆಂದು ಖಾತ್ರಿಯಾದದ್ದೇ ತಡ, ಬೇರೊಂದು ಹೆದರಿಕೆ ಆ ಜಾಗಕ್ಕೆ ಬಂದು ಕೂತಿತು. ಅಚ್ಚಾದದ್ದು ಒಂದು ಲಕ್ಷ ಚೀಟಿ. ಒಂದು ಅವರ ಜೇಬಿನಲ್ಲಿದೆ.

ಉಳಿದವರೂ ನರ್ಸುಗಳಲ್ಲವೇ, ಅವರಿಗೂ ಗೊತ್ತಿರುತ್ತದೆ, ಯಾರೂ ಚೀಟಿ ಓದುವುದಿಲ್ಲವೆಂದು ಈಕೆಯೇ ಹೇಳಿದಳಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಯಾರೂ ಓದದಿರಲಿ ಎಂದು ಅವರು ಜೀವಮಾನದಲ್ಲಿ ಹಾರೈಸಿದ್ದು ಅದೇ ಮೊದಲು.

ಅಷ್ಟರಲ್ಲಿ ಪಕ್ಕದ ಮಂಚದ ಕಡೆಯಿಂದ ಮಾತು ಕೇಳಿಸಿತು. ಬಾಣಂತಿಯ ತಾಯಿ ಚೀಲ ತುಂಬುತ್ತಿದ್ದರು.

“ಮುಂದಿನ ವಾರ ಇಷ್ಟು ದೂರ ಬರೋ ತಾಪತ್ರಯ ಇಲ್ಲ,” ಎಂದು ಭೂತಗನ್ನಡಿಯವರ ಹೆಂಡತಿಗೆ ಹೇಳುತ್ತಿದ್ದರು. “ಎರಡನೇ ಡೋಸು ನಮ್ಮನೆ ಹತ್ರದ ಕ್ಲಿನಿಕ್ಕಲ್ಲೇ ಹಾಕಿಸ್ಕೊಳ್ಳಿ ಅಂದಿದ್ದಾರೆ. ಔಷಧ ಇಲ್ಲಿಂದಾನೇ ತಗೊಂಡ್ವಿ.” ಅವರ ಕೈಯಲ್ಲಿ ಅದೇ ನೀಲಿ ಪಟ್ಟಿಯ ಡಬ್ಬಿ.

“ಅಲ್ಲಿಯವರು ಸರಿಯಾಗಿ ಹಾಕ್ತಾರಾ?”

“ಅಯ್ಯೋ, ಅಲ್ಲಿರೋ ಸಿಸ್ಟರು ತುಂಬಾ ಶಿಸ್ತು ಕಣಮ್ಮ. ಚೀಟೀಲಿ ಇರೋದನ್ನ ಎರಡು ಸಲ ಓದದೆ ಒಂದು ಹನಿ ಕೊಡಲ್ಲ. ಅದರಲ್ಲಿ ಹೇಗಿದೆಯೋ ಹಾಗೇ, ಒಂದು ಚೂರು ಆಚೆ ಈಚೆ ಇಲ್ಲ.”

ಭೂತಗನ್ನಡಿಯವರು ಕತ್ತು ಹೊರಳಿಸಿ ಡಬ್ಬಿಯನ್ನು ನೋಡಿದರು. ಇಷ್ಟು ವರ್ಷ ಅವರು ಯಾರಿಗಾಗಿ ತಿದ್ದುತ್ತಿದ್ದರೋ ಆ ಓದುಗಿತ್ತಿ ಕೊನೆಗೂ ಸಿಕ್ಕಿದ್ದಳು, ಎರಡೆರಡು ಸಲ ಓದುವವಳು, ಅಕ್ಷರವನ್ನು ನಂಬುವವಳು. ಅವಳ ಕೈಗೆ ಹೋಗುತ್ತಿರುವುದು ಈ ಡಬ್ಬಿ.

ಹೇಳಿಬಿಡಬೇಕು ಎಂದುಕೊಂಡರು. ಹೇಳಿದರೆ ನರ್ಸು ಚೀಟಿ ಕೇಳುತ್ತಾಳೆ. ಐದು ಇದ್ದದ್ದನ್ನು ಹದಿನೈದೆಂದು ಯಾಕೆ ಓದಿದಿರಿ ಎನ್ನುತ್ತಾಳೆ. ಪ್ರೆಸ್ಸಿಗೆ ಗೊತ್ತಾಗುತ್ತದೆ. ಮೂವತ್ತೊಂದು ವರ್ಷದ ಹೆಸರು. ಕಟಿಂಗ್ ಮೆಷಿನ್ನಿನವನು ನಗುತ್ತಾನೆ. ಇನ್ನೊಂದು ಉಪಾಯ ಹೊಳೆಯಿತು: ಮನೆಗೆ ಹೋದ ಮೇಲೆ, ಹೆಸರು ಹೇಳದೆ ಕಂಪನಿಗೊಂದು ಕಾಗದ ಬರೆದರೆ? ಕಾಗದ ತಲುಪಬೇಕು, ಯಾರಾದರೂ ಒಡೆಯಬೇಕು, ನಂಬಬೇಕು. ಮುಂದಿನ ವಾರದೊಳಗೆ ಆ ಕ್ಲಿನಿಕ್ಕಿಗೆ ಅದು ಹೇಗೆ ಮುಟ್ಟುತ್ತದೆ?

ಹುಡುಗಿ ಮಂಚದಿಂದ ಇಳಿದಳು. ಇಳಿದವಳಿಗೆ ತಲೆ ಸುತ್ತಿತೋ ಏನೋ, ಕಬ್ಬಿಣದ ಕಂಬ ಹಿಡಿದುಕೊಂಡು ಒಂದು ಗಳಿಗೆ ಕಣ್ಣುಮುಚ್ಚಿ ನಿಂತಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಆ ನಿಲುವು ಅವರಿಗೆ ಪರಿಚಿತ. ಹನ್ನೊಂದನೆಯ ಮೆಟ್ಟಿಲಿನಲ್ಲಿ ಅವರೂ ಹಾಗೆಯೇ ನಿಲ್ಲುತ್ತಿದ್ದರು.

“ಬರ್ತೀವಮ್ಮ,” ಎಂದರು ತಾಯಿ. ಮಗು ಒಂದು ತೋಳಿನಲ್ಲಿ, ಡಬ್ಬಿಯಿದ್ದ ಚೀಲ ಇನ್ನೊಂದರಲ್ಲಿ. ಬಾಗಿಲಿಗೆ ಹತ್ತು ಹೆಜ್ಜೆ. ಏಳು. ನಾಲ್ಕು.

“ನಿಲ್ಲೀ!”

ಅಷ್ಟು ಜೋರಾಗಿ ಬರಬಹುದೆಂದು ಅವರಿಗೂ ಗೊತ್ತಿರಲಿಲ್ಲ. ಮಗು ಕಿಟಾರನೆ ಕಿರುಚಿತು. ನರ್ಸು ಒಂದೇ ನೆಗೆತಕ್ಕೆ ಬಂದು ಡ್ರಿಪ್ಪಿನ ಚಕ್ರ ತಿರುಗಿಸಿ ನಿಲ್ಲಿಸಿದಳು. “ಏನಾಗ್ತಿದೆ ಅಂಕಲ್? ಎದೆ ಹಿಡ್ಕೊಂಡಿದೆಯಾ? ಉಸಿರು?” ಎನ್ನುತ್ತ ಬಿಪಿ ಪಟ್ಟಿ ಸುತ್ತತೊಡಗಿದಳು. ಹೆಂಡತಿ ಸ್ಟೂಲು ಬೀಳಿಸಿಕೊಂಡು ಎದ್ದು, “ರೀ, ರೀ, ಮಾತಾಡ್ರೀ!” ಎಂದು ಭುಜ ಅಲುಗಾಡಿಸಿದರು. ಒಳಗಿನಿಂದ ಡಾಕ್ಟರೇ ಓಡಿಬಂದರು.

“ನನಗೇನೂ ಆಗಿಲ್ಲ,” ಎಂದರು ಭೂತಗನ್ನಡಿಯವರು. ಮುಖದಿಂದ ಬೆವರು ಇಳಿಯುತ್ತಿತ್ತು, ಯಾರೂ ನಂಬಲಿಲ್ಲ. “ಆ ಡಬ್ಬೀಲಿರೋ ಚೀಟಿ ತಪ್ಪು. ಐದು ನಿಮಿಷ ಅಂತಿದೆ. ಹದಿನೈದು ಇರಬೇಕು. ಅವರನ್ನ ಕಳಿಸಬೇಡಿ.”

“ನೀವೇ ಅಲ್ವಾ ಹದಿನೈದು ಅಂತ ಓದಿದ್ದು?” ಎಂದಳು ನರ್ಸು.

ಅವರು ಜೇಬಿನಿಂದ ಚೀಟಿ ತೆಗೆದು ಡಾಕ್ಟರ ಕೈಗಿತ್ತರು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡಿದರು. ಆ ಸಾಲು ಸಿಕ್ಕಿತು. “ಹೌದು,” ಎಂದರು. “ನಮ್ಮಲ್ಲಾದ್ರೆ ಗೊತ್ತಾಗ್ತಿತ್ತು. ಹೊಸದಾಗಿ ಹಾಕೋರಿಗೆ ಎಲ್ಲಿ ಗೊತ್ತಾಗಬೇಕು?” ಬಾಣಂತಿಯ ತಾಯಿಯ ಕೈಯಿಂದ ಡಬ್ಬಿ ಇಸಿದುಕೊಂಡು ಅದರ ಮೇಲೆ ದಪ್ಪ ಪೆನ್ನಿನಲ್ಲಿ 15 ಎಂದು ಬರೆದರು. ಅದೂ ಸಾಲದೆನಿಸಿ, “ಎರಡನೇದನ್ನೂ ಇಲ್ಲೇ ಹಾಕಿಸ್ಕೊಳ್ಳಿ ತಾಯಿ. ತಾಪತ್ರಯ ಆದ್ರೂ ಪರವಾಗಿಲ್ಲ,” ಎಂದು ಡಬ್ಬಿಯನ್ನು ಒಳಗಿಟ್ಟುಕೊಂಡರು. ಔಷಧ ಅಂಗಡಿಗೆ ಫೋನು ಹೋಯಿತು. ಆ ಕಂಪನಿಯ ಡಬ್ಬಿಗಳನ್ನೆಲ್ಲ ಕಪಾಟಿನಿಂದ ತೆಗೆದಿಡಲು ಹೇಳಿದರು.

“ನಿಮಗೆ ಹೇಗೆ ಗೊತ್ತಾಯ್ತು ಇದು?” ಎಂದರು ಆಮೇಲೆ.

ಇಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಓದಿ ಕಂಡುಹಿಡಿದೆ ಎಂದರೆ ಸಾಕು. ಮೆರವಣಿಗೆಗೆ ಇನ್ನೊಂದು ಕಾರಣ ಸಿಗುತ್ತಿತ್ತು, ಹೆಂಡತಿ ಬೀದಿಗೆಲ್ಲ ಹೇಳುತ್ತಿದ್ದರು. ಭೂತಗನ್ನಡಿಯವರು ಆ ಬಾಗಿಲನ್ನು ನೋಡಿದರು. ಸಾಕಷ್ಟು ಹೊತ್ತೇ ನೋಡಿದರು.

“ಇದರ ಪ್ರೂಫ್ ನೋಡಿದ್ದು ನಾನು,” ಎಂದರು. “ಆ ಸಾಲು ಬಂದಾಗ ನಿದ್ದೆ ಹೋಗಿದ್ದೆ. ಎದ್ದ ಮೇಲೆ ಕೇಳಬಹುದಿತ್ತು. ಕೇಳಲಿಲ್ಲ.”

ಮಗು ಬಿಕ್ಕುವುದನ್ನು ನಿಲ್ಲಿಸಿ ಅವರನ್ನೇ ನೋಡಿತು. ಮೊದಲು ಬಾಯಿಬಿಟ್ಟದ್ದು ಹೆಂಡತಿ. “ಆರೂವರೆ ರಕ್ತ ಇಟ್ಕೊಂಡು ಕೂತಲ್ಲಿ ತೂಕಡಿಸ್ತಿದ್ರಿ, ಮನೇಲಿ ನೋಡ್ತಿರಲಿಲ್ವಾ ನಾನು? ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?” ಅದು ಬೈಗುಳವೋ ಸಮಾಧಾನವೋ ಅವರಿಗೆ ತಿಳಿಯಲಿಲ್ಲ. ಬಾಣಂತಿಯ ತಾಯಿ ಮಾತ್ರ ಮಗುವನ್ನು ಎದೆಗೆ ಅವಚಿಕೊಂಡು, ಒಂದೂ ಮಾತಾಡದೆ, ಮಗಳ ಕೈಹಿಡಿದು ಹೊರಟುಹೋದರು. ಅವರು ತಿರುಗಿ ನೋಡಿದ ನೋಟ ಕಟಿಂಗ್ ಮೆಷಿನ್ನಿನವನ ನಗುವಿಗಿಂತ ಕಷ್ಟದ್ದಾಗಿತ್ತು.

ಚೀಟಿಯ ಕೆಳಗೆ ಕಂಪನಿಯ ದೂರುಗಳ ನಂಬರಿತ್ತು. ಡಾಕ್ಟರು ತಾವೇ ಮಾಡುತ್ತೇನೆಂದರು. “ಇಲ್ಲ, ನಾನೇ ಮಾಡ್ತೀನಿ. ನೀವು ಮಾಡಿದ್ರೆ ಬರೀ ದೂರು ಅನ್ಕೋತಾರೆ. ಯಾವ ಪ್ರೂಫು, ಯಾವ ಸಾಲು, ಎಷ್ಟು ಪ್ರತಿ ಅಂತ ನನಗೆ ಗೊತ್ತು,” ಎಂದರು ಭೂತಗನ್ನಡಿಯವರು. ಬಲಗೈಯಲ್ಲಿ ಸೂಜಿ, ಎಡಗೈಗೆ ಬಿಪಿ ಪಟ್ಟಿ. ಹೆಂಡತಿ ನಂಬರು ಒತ್ತಿ ಫೋನನ್ನು ಅವರ ಕಿವಿಗೆ ಹಿಡಿದರು. ನರ್ಸು ಬಿಪಿ ಮತ್ತೊಮ್ಮೆ ನೋಡಿ ಡ್ರಿಪ್ಪು ಬಿಟ್ಟಳು. ಚೀಲದಲ್ಲಿ ಇನ್ನೂ ಅರ್ಧ ಉಳಿದಿತ್ತು.

ಆ ಕಡೆ ಒಬ್ಬ ಹೆಂಗಸು ಎತ್ತಿದಳು. ಅವರು ಹೇಳಿದರು. ಅವಳು ಬರೆದುಕೊಂಡು, ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದರು.

“ಆ ಪ್ರೂಫನ್ನ ಪಾಸ್ ಮಾಡಿದ್ದು ಯಾರು ಅಂತ ನಿಮಗೇನಾದ್ರೂ ಗೊತ್ತಾ ಸರ್?”

“ನಾನೇ ಕಣಮ್ಮ.”

“ಲೈನಲ್ಲೇ ಇರಿ ಸರ್, ಮೇಲಿನವರಿಗೆ ಕೊಡ್ತೀನಿ,” ಎಂದಳು. ಫೋನಿನಲ್ಲಿ ಯಾವುದೋ ವಾದ್ಯ ಮೊಳಗತೊಡಗಿತು. ಅವರು ಕೊಳವೆಯಲ್ಲಿ ಇಳಿಯುವ ಹನಿಗಳನ್ನು ನೋಡುತ್ತ ಮಲಗಿದರು.

“ಯಾರೂ ಬರಲಿಲ್ಲ,” ಎಂದರು.

“ಬರ್ತಾರೆ, ಇರಿ,” ಎಂದು ಹೆಂಡತಿ ಸೋತ ಕೈಯಿಂದ ಇನ್ನೊಂದು ಕೈಗೆ ಫೋನು ಬದಲಾಯಿಸಿಕೊಂಡು ಮತ್ತೆ ಅವರ ಕಿವಿಗೆ ಹಿಡಿದರು.